ತೋಟಗಾರನ ಕೈಯೇ ರೋಗದ ವಾಹಕ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಒಹಾಯೊಗಳಂಥ ಚಳಿ ರಾಜ್ಯಗಳಲ್ಲಿ ಅಂಗಳದ ಮರದ ನೆರಳಿಗೆ ಒಗ್ಗುವ ಗಿಡ ಯಾವುದೆಂದು ಕೇಳಿದರೆ ಜನ ಮೊದಲು ಹೇಳುವ ಹೆಸರುಗಳಲ್ಲಿ ಹೋಸ್ಟಾ ಇದ್ದೇ ಇರುತ್ತದೆ. ಇದರ ತವರು ಜಪಾನ್, ಕೊರಿಯಾ, ಚೀನಾ. 19ನೇ ಶತಮಾನದಲ್ಲಿ ಜರ್ಮನ್ ವೈದ್ಯ, ಸಸ್ಯಸಂಗ್ರಾಹಕ ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್ ಜಪಾನಿನಿಂದ ಇದರ ಹಲವು ಬಗೆಗಳನ್ನು ಯುರೋಪಿಗೆ ಸಾಗಿಸಿದ. ಹೂ ಬಿಟ್ಟರೂ ಜನ ಇದನ್ನು ಬೆಳೆಸುವುದು ಎಲೆಯ ಚೆಲುವಿಗಾಗಿ. ನೀಲಿ ಛಾಯೆಯ ಎಲೆ, ಚಿನ್ನದ ಬಣ್ಣದ ಎಲೆ, ಹಸಿರಿನ ನಡುವೆ ಬಿಳಿ ಪಟ್ಟೆ ಎಳೆದ ಎಲೆ ಹೀಗೆ ಸಾವಿರಾರು ತಳಿಗಳಿವೆ. ಚಳಿಗಾಲದಲ್ಲಿ ಎಲೆಯೆಲ್ಲ ಬಾಡಿ ನೆಲ ಸೇರುತ್ತದೆ, ವಸಂತದಲ್ಲಿ ಬುಡದಿಂದ ಮೊನಚು ಮೊಳಕೆಗಳು ಏಳುತ್ತವೆ. ಕೆಲವು ವರ್ಷಗಳಲ್ಲಿ ಒಂದು ಬುಡ ಹತ್ತಾರು ಹಿಳ್ಳುಗಳ ಗುಂಪಾಗುತ್ತದೆ. ಅದನ್ನು ಅಗೆದು, ಚಾಕುವಿನಿಂದ ಸೀಳಿ, ಪಕ್ಕದ ಮನೆಗೊಂದು, ಗೆಳೆಯರಿಗೊಂದು ಕೊಡುವುದು ಅಲ್ಲಿನ ವಾಡಿಕೆ. ಆ ಊರುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಅಂಗಳಕ್ಕೂ ಹೋಸ್ಟಾ ಬರುವುದು ನರ್ಸರಿಯಿಂದ, ಇಲ್ಲವೇ ಹೀಗೆ ನೆರೆಯವರ ಕೈಯಿಂದ. ಈ ಕೊಡುಕೊಳೆಯ ದಾರಿ ಹಿಡಿದೇ ಒಂದು ವೈರಸ್ ಕೂಡ ಮನೆಯಿಂದ ಮನೆಗೆ ಹೋಗಿದೆ. ಅದನ್ನು ಹರಡುತ್ತಿರುವವರು ಬಹುಮಟ್ಟಿಗೆ ಮನುಷ್ಯರೇ. ಹಾಗಾಗಿ ಅದನ್ನು ತಡೆಯುವುದೂ ಮನುಷ್ಯರ ಕೈಯಲ್ಲೇ ಇದೆ ಎಂಬುದು ನನ್ನ ವಾದ.

ಈ ವೈರಸ್‌ನ ಹೆಸರು ಹೋಸ್ಟಾ ವೈರಸ್ ಎಕ್ಸ್. ಮಿನ್ನೆಸೋಟ ವಿಶ್ವವಿದ್ಯಾಲಯದ ಸಸ್ಯರೋಗ ವಿಜ್ಞಾನಿ ಬೆನ್ ಲಾಕ್‌ಹಾರ್ಟ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಗುರುತಿಸಿ ವಿವರಿಸಿದರು. ಆಲೂಗಡ್ಡೆಯನ್ನು ಕಾಡುವ ಪೊಟೇಟೊ ವೈರಸ್ ಎಕ್ಸ್ ಸೇರಿದ ಪೊಟೆಕ್ಸ್ ವೈರಸ್‌ಗಳ ಕುಲವೇ ಇದರದ್ದೂ. ಸುಮಾರು 6,500 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ, ಅದರ ಸುತ್ತ ಪ್ರೋಟೀನಿನ ಹೊದಿಕೆ, ಬಾಗಿ ಬಳುಕುವ ಎಳೆಯಂಥ ಆಕಾರ: ಇದರ ದೇಹವೆಂದರೆ ಇಷ್ಟೇ. ಇದು ತಾನಾಗಿ ಚಲಿಸಲಾರದು, ಎಲೆಯ ಮೇಣದ ಪದರವನ್ನೋ ಜೀವಕೋಶದ ಗೋಡೆಯನ್ನೋ ಕೊರೆದು ಒಳಹೋಗಲೂ ಆರದು. ಒಳಗೆ ಹೋಗಬೇಕಾದರೆ ಗಿಡಕ್ಕೆ ಗಾಯವಾಗಿರಬೇಕು, ರೋಗ ತಗುಲಿದ ಗಿಡದ ರಸ ಆ ಗಾಯಕ್ಕೆ ತಾಗಬೇಕು. ಒಮ್ಮೆ ಒಳಹೊಕ್ಕ ಮೇಲೆ ಮಾತ್ರ ತಡೆಯುವವರಿಲ್ಲ. ಕೋಶದಿಂದ ಕೋಶಕ್ಕೆ ಸಾಗಿ, ಆಹಾರ ಹೊತ್ತೊಯ್ಯುವ ನಾಳಗಳನ್ನು ಸೇರಿ, ಎಲೆಯಲ್ಲಿ ತಯಾರಾದ ಸಕ್ಕರೆಯ ಜೊತೆಗೆ ಬುಡಕ್ಕೂ ಬೇರಿಗೂ ಇಳಿಯುತ್ತದೆ. ಮರುವರ್ಷ ಅದೇ ಬುಡದಿಂದ ಬರುವ ಮೊಳಕೆಗಳಲ್ಲಿ ರೋಗ ಆಗಲೇ ಮನೆ ಮಾಡಿರುತ್ತದೆ. ಇದನ್ನು ವಾಸಿ ಮಾಡುವ ಔಷಧಿಯಿಲ್ಲ. ಶಿಲೀಂಧ್ರನಾಶಕ, ಕೀಟನಾಶಕ, ಗೊಬ್ಬರ ಯಾವುದೂ ಇಲ್ಲಿ ನಾಟುವುದಿಲ್ಲ.

ರಸವೇ ದಾರಿ ಎಂದಾದರೆ ಆ ದಾರಿ ತೋಟದಲ್ಲಿ ಎಲ್ಲೆಲ್ಲಿ ತೆರೆದುಕೊಳ್ಳುತ್ತದೆ ಎಂದು ನೋಡಬೇಕು. ಬುಡವನ್ನು ಅಗೆದು ಹಿಳ್ಳು ಬೇರ್ಪಡಿಸುವಾಗ ಚಾಕು ದಪ್ಪನೆಯ ಗೆಡ್ಡೆಯ ಮೂಲಕ ಇಳಿಯುತ್ತದೆ. ಅಲಗಿನ ಎರಡೂ ಬದಿಗೆ ರಸ ಅಂಟುತ್ತದೆ, ಅದರ ಮೇಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಅದೇ ಚಾಕು ಮುಂದಿನ ಬುಡಕ್ಕೆ ಹೋದಾಗ ಹೊಸ ಗಾಯಕ್ಕೆ ಹಳೆಯ ರಸ ಮೆತ್ತುತ್ತದೆ. ಬೇಸಿಗೆಯಲ್ಲಿ ಹೂ ಬಾಡಿದ ಮೇಲೆ ಹೂದಂಟು ಕತ್ತರಿಸುವ ಕೆಲಸದಲ್ಲೂ ಅಪಾಯವಿದೆ, ಏಕೆಂದರೆ ಅಲ್ಲಿ ಒಂದೇ ಕತ್ತರಿ ಒಂದು ಸಂಜೆಯಲ್ಲಿ ಇಡೀ ಪಾತಿಯನ್ನು ಸುತ್ತಿ ಬರುತ್ತದೆ. ಒಣಗಿದ ಎಲೆ ಕತ್ತರಿಸುವಾಗಲೂ ಹೀಗೆಯೇ. ಪಾತಿಯ ಅಂಚಿನ ಗಿಡಗಳ ಎಲೆ ಹರಿಯುವ ಹುಲ್ಲು ಕತ್ತರಿಸುವ ಯಂತ್ರವೂ ಇದೇ ಕೆಲಸ ಮಾಡಬಲ್ಲದು. ಉಪಕರಣವೇ ಬೇಡವೆಂದು ಕೈಯಿಂದ ಮುರಿದರೆ ಬೆರಳಿಗೆ ರಸ ಅಂಟುತ್ತದೆ. ಪೊಟೆಕ್ಸ್ ವೈರಸ್‌ಗಳು ಹಿಂಡಿದ ರಸದಲ್ಲೂ ಬೇಗನೆ ನಾಶವಾಗುವಂಥವಲ್ಲ. ಹಾಗಾಗಿ ಗಿಡದಿಂದ ಗಿಡಕ್ಕೆ ಹೋಗುವ ನಡುವಿನ ಒಂದೆರಡು ನಿಮಿಷ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇಲ್ಲಿ ಕೀಟದ ಪಾತ್ರ ಕಾಣುವುದಿಲ್ಲ ಎಂಬುದೇ ಈ ರೋಗದ ವಿಶೇಷ. ನಮ್ಮ ರೈತರಿಗೆ ಗೊತ್ತಿರುವ ಬಹುತೇಕ ವೈರಸ್ ರೋಗಗಳಿಗೆ ಹೊತ್ತು ಸಾಗಿಸುವ ಕೀಟವೊಂದು ಇರುತ್ತದೆ. ಟೊಮೆಟೊ ಎಲೆ ಮುದುರು ರೋಗಕ್ಕೆ ಬಿಳಿನೊಣ, ಬಾಳೆಯ ಗುಚ್ಛತಲೆ ರೋಗಕ್ಕೆ ಗಿಡಹೇನು. ಮಲೆನಾಡು, ಕೊಡಗಿನ ಏಲಕ್ಕಿ ಬೆಳೆಗಾರರನ್ನು ತಲೆಮಾರುಗಳಿಂದ ಕಾಡಿರುವ ಕಟ್ಟೆ ರೋಗಕ್ಕೂ ಗಿಡಹೇನೇ ವಾಹಕ. ಕಟ್ಟೆ ಬಂದ ಬುಡವನ್ನು ಕಿತ್ತು ನಾಶ ಮಾಡಿ, ರೋಗದ ಬುಡದಿಂದ ಹಿಳ್ಳು ತೆಗೆಯಬೇಡಿ ಎಂಬ ಸಲಹೆ ಅಲ್ಲಿ ಹಳೆಯದು. ಆದರೆ ಒಬ್ಬ ಬೆಳೆಗಾರ ಎಷ್ಟೇ ಶಿಸ್ತಿನಿಂದ ಕಿತ್ತರೂ ಪಕ್ಕದ ತೋಟದಿಂದ ರೆಕ್ಕೆ ಬಂದ ಗಿಡಹೇನು ಹಾರಿ ಬಂದರೆ ರೋಗ ಮತ್ತೆ ಹಾಜರು. ಹೋಸ್ಟಾ ಬೆಳೆಯುವವರಿಗೆ ಆ ಕಷ್ಟವಿಲ್ಲ. ಹೋಸ್ಟಾ ವೈರಸ್ ಎಕ್ಸ್ ಅನ್ನು ಕೀಟಗಳು ಹರಡುತ್ತವೆ ಎನ್ನಲು ಆಧಾರ ಸಿಕ್ಕಿಲ್ಲ. ಗಾಳಿಯಲ್ಲಿ ಅದು ತೇಲಿ ಬರುವುದಿಲ್ಲ. ತೋಟಗಳಲ್ಲಿ ಅದಕ್ಕೆ ಹೋಸ್ಟಾ ಬಿಟ್ಟರೆ ಬೇರೆ ಆಶ್ರಯ ಗಿಡವೂ ಗೊತ್ತಿಲ್ಲ. ಬೇಲಿಯಾಚೆಯ ರೋಗದ ಗಿಡ ಬೇಲಿ ದಾಟಬೇಕಾದರೆ ಯಾರಾದರೂ ಅದನ್ನು ಎತ್ತಿ ತರಬೇಕು, ಅಥವಾ ಅಲ್ಲಿ ಬಳಸಿದ ಕತ್ತರಿಯನ್ನು ಇಲ್ಲಿ ಬಳಸಬೇಕು. ಏಲಕ್ಕಿ ತೋಟದಲ್ಲಿ ಅರ್ಧ ಫಲ ಕೊಡುವ ಶಿಸ್ತು ಹೋಸ್ಟಾ ಪಾತಿಯಲ್ಲಿ ಹೆಚ್ಚುಕಡಿಮೆ ಪೂರ್ಣ ಫಲ ಕೊಡಬಲ್ಲದು.

ಇಷ್ಟು ಅಸಹಾಯಕವಾದ ವೈರಸ್ ಖಂಡಾಂತರ ಹೋದದ್ದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಹೋಸ್ಟಾವನ್ನು ಹೆಚ್ಚಿಸುವ ಕ್ರಮದಲ್ಲೇ ಇದೆ. ಬೀಜದಿಂದ ಬೆಳೆಸಿದ ಹೋಸ್ಟಾ ತಾಯಿಗಿಡದ ಪಡಿಯಚ್ಚು ಆಗುವುದಿಲ್ಲ. ಹೆಸರಾಂತ ತಳಿ ಬೇಕೆಂದರೆ ಬುಡ ಒಡೆಯಬೇಕು, ಇಲ್ಲವೇ ಅಂಗಾಂಶ ಕೃಷಿಯಲ್ಲಿ ಬೆಳೆಸಬೇಕು. ತಾಯಿಬುಡದಲ್ಲಿ ವೈರಸ್ ಇದ್ದರೆ ಅದರಿಂದ ಒಡೆದ ನೂರು ತುಂಡಿನಲ್ಲೂ ವೈರಸ್ ಇರುತ್ತದೆ. ಅಂಗಾಂಶ ಕೃಷಿ ಎಂದರೆ ಶುದ್ಧ ಎಂದು ಹಲವರ ನಂಬಿಕೆ. ಬೆಳೆಯುವ ತುದಿಯ ಅತಿಸೂಕ್ಷ್ಮ ಭಾಗವನ್ನಷ್ಟೇ ಆರಿಸಿ ತೆಗೆದು, ಆಮೇಲೆ ಪರೀಕ್ಷೆ ಮಾಡಿದರೆ ವೈರಸ್ ಮುಕ್ತ ಗಿಡ ಪಡೆಯಲು ಸಾಧ್ಯ ಎಂಬುದು ನಿಜ. ಆದರೆ ಆ ಎಚ್ಚರಿಕೆಯಿಲ್ಲದೆ ರೋಗದ ತಾಯಿಗಿಡದಿಂದ ಅಂಗಾಂಶ ತೆಗೆದರೆ ಪ್ರಯೋಗಾಲಯ ಗಿಡದ ಜೊತೆಗೆ ರೋಗವನ್ನೂ ಸಾವಿರ ಪಟ್ಟು ಮಾಡಿ ಕೊಡುತ್ತದೆ. ನೆದರ್‌ಲೆಂಡ್ಸ್‌ನ ಹೊಲಗಳಲ್ಲಿ ಹೋಸ್ಟಾವನ್ನು ರಾಶಿಗಟ್ಟಲೆ ಬೆಳೆದು, ಒಡೆದು, ಮಣ್ಣು ಕೊಡವಿದ ಬರಿಬೇರಿನ ಗಿಡಗಳಾಗಿ ಜಗತ್ತಿಗೆಲ್ಲ ಕಳಿಸುವ ದೊಡ್ಡ ವ್ಯಾಪಾರವಿದೆ. 2000ದ ದಶಕದಲ್ಲಿ ಆ ಸರಕಿನ ಜೊತೆಗೆ ಈ ವೈರಸ್ ಅಂಗಡಿ ಅಂಗಡಿಗೂ ತಲುಪಿತ್ತು. ಗೋಲ್ಡ್ ಸ್ಟ್ಯಾಂಡರ್ಡ್, ಸಮ್ ಅಂಡ್ ಸಬ್‌ಸ್ಟೆನ್ಸ್, ಸ್ಟ್ರಿಪ್‌ಟೀಸ್ ತಳಿಗಳಲ್ಲಿ ರೋಗ ಹೆಚ್ಚಾಗಿ ಕಂಡಿತು. ಇವು ಎಲ್ಲರೂ ಬಯಸಿದ ತಳಿಗಳು. ಸಮ್ ಅಂಡ್ ಸಬ್‌ಸ್ಟೆನ್ಸ್ 2004ರಲ್ಲಿ, ಸ್ಟ್ರಿಪ್‌ಟೀಸ್ 2005ರಲ್ಲಿ ಅಮೆರಿಕದ ಬೆಳೆಗಾರರ ಸಂಘದಿಂದ ವರ್ಷದ ಹೋಸ್ಟಾ ಎಂಬ ಮನ್ನಣೆ ಪಡೆದಿದ್ದವು. ಯಾವ ತಳಿಗೆ ಬೇಡಿಕೆ ಹೆಚ್ಚೋ ಅದನ್ನು ಹೆಚ್ಚು ಸಲ ಒಡೆಯುತ್ತಾರೆ, ಹೆಚ್ಚು ಸಲ ಒಡೆದ ತಳಿಗೆ ಸೋಂಕು ತಗುಲುವ ಅವಕಾಶವೂ ಹೆಚ್ಚು.

ಬೇಡಿಕೆಯ ಜೊತೆಗೆ ಅಭಿರುಚಿಯದ್ದೂ ಪಾಲಿದೆ. ಹೋಸ್ಟಾ ಪ್ರಿಯರು ಸದಾ ಹೊಸ ವಿನ್ಯಾಸದ ಎಲೆ ಹುಡುಕುತ್ತಿರುತ್ತಾರೆ. ಹೊಸ ಮಚ್ಚೆ, ಹೊಸ ಪಟ್ಟೆ ಕಂಡರೆ ಅದಕ್ಕೊಂದು ಹೆಸರಿಟ್ಟು ಮಾರುವುದು ರೂಢಿ. ಬ್ರೇಕ್‌ಡ್ಯಾನ್ಸ್, ಲೂನಸಿ, ಲೆಪರ್ಡ್ ಫ್ರಾಗ್, ಎಟರ್ನಲ್ ಫಾದರ್ ಎಂಬ ಹೆಸರಿನಲ್ಲಿ ಹೊಸ ತಳಿಗಳೆಂದು ಬಂದವು ಈ ವೈರಸ್ ತಗುಲಿದ ಗಿಡಗಳು ಎಂದು ಆಮೇಲೆ ತಿಳಿಯಿತು. ಜನ ಮೆಚ್ಚಿ ಕೊಂಡದ್ದು ರೋಗದ ಲಕ್ಷಣವನ್ನು. ಇದಕ್ಕೆ ಇತಿಹಾಸದಲ್ಲಿ ದೊಡ್ಡ ನಿದರ್ಶನವಿದೆ. 1630ರ ದಶಕದಲ್ಲಿ ಹಾಲೆಂಡಿನ ಜನ ಆಸ್ತಿಯ ಬೆಲೆ ಕೊಟ್ಟು ಕೊಂಡ ಜ್ವಾಲೆಯಂಥ ಗೆರೆಗಳ ಟುಲಿಪ್ ಹೂಗಳ ಬಣ್ಣ ಒಡೆದದ್ದು ವೈರಸ್‌ನಿಂದ. ಹಾಗೆ ಬಣ್ಣ ಒಡೆದ ಗಿಡಗಳು ಬರಬರುತ್ತ ಸೊರಗುತ್ತವೆ ಎಂದು ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ 16ನೇ ಶತಮಾನದಲ್ಲೇ ಗಮನಿಸಿದ್ದ. ಆ ಬದಲಾವಣೆ ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ದಾಟುವ ಸೋಂಕು ಎಂದು ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯ ಡೊರೊತಿ ಕೇಲೀ ಪ್ರಯೋಗದಿಂದ ತೋರಿಸಿದ್ದು 1928ರಲ್ಲಿ. ಟುಲಿಪ್ ವೈರಸ್‌ಗೆ ಗಿಡಹೇನಿನ ನೆರವೂ ಇತ್ತು. ಹೋಸ್ಟಾ ವಿಷಯದಲ್ಲಿ ಅದೂ ಇಲ್ಲದೆ, ಮನುಷ್ಯನ ಆಸೆಯೊಂದೇ ಸಾಕಾಯಿತು.

ಹಾಗಾದರೆ ಸಹಜ ಬಣ್ಣವನ್ನೂ ರೋಗದ ಬಣ್ಣವನ್ನೂ ಬೇರ್ಪಡಿಸುವುದು ಹೇಗೆ? ಹೋಸ್ಟಾದ ಸಹಜ ಪಟ್ಟೆಗಳು ಎಲೆಯ ಬೆಳವಣಿಗೆಯ ಪದರಗಳಲ್ಲಿ ಪತ್ರಹರಿತ್ತು ಹೆಚ್ಚುಕಡಿಮೆಯಾಗುವುದರಿಂದ ಬರುತ್ತವೆ. ಅವುಗಳ ಅಂಚು ಸ್ಪಷ್ಟ, ಎಲೆಯ ಮೈ ನಯ. ವೈರಸ್‌ನ ಗುರುತು ಹಿಡಿಯುವುದು ನರಗಳ ದಾರಿಯನ್ನು. ಚಿನ್ನದ ಬಣ್ಣದ ಎಲೆಯನ್ನು ಬೆಳಕಿಗೆ ಹಿಡಿದರೆ ನರದುದ್ದಕ್ಕೂ ಕಡು ಹಸಿರು ಇಳಿದು, ಒದ್ದೆ ಕಾಗದದ ಮೇಲೆ ಶಾಯಿ ಹಬ್ಬಿದ ಹಾಗೆ ಇಕ್ಕೆಲಕ್ಕೂ ಹರಡಿರುತ್ತದೆ. ಆ ಜಾಗವನ್ನು ಬೆರಳಿನಿಂದ ಸವರಿದರೆ ಉಳಿದ ಭಾಗಕ್ಕಿಂತ ತೆಳುವಾಗಿಯೋ ಸುಕ್ಕುಗಟ್ಟಿ ಉಬ್ಬುತಗ್ಗಾಗಿಯೋ ಇರುತ್ತದೆ. ಕೆಲವು ತಳಿಗಳಲ್ಲಿ ಮಚ್ಚೆಗಳು, ಎಲೆ ತಿರುಚುವುದು, ಅಲ್ಲಲ್ಲಿ ಒಣಗಿ ಕಂದಾಗುವುದು ಕಾಣುತ್ತದೆ. ಆದರೆ ಕಣ್ಣನ್ನಷ್ಟೇ ನಂಬಿ ಕೂರುವ ಹಾಗಿಲ್ಲ. ಸೋಂಕು ತಗುಲಿದ ಮೇಲೆ ಲಕ್ಷಣ ಹೊರಬೀಳಲು ತಿಂಗಳುಗಳು, ಎಷ್ಟೋ ಸಲ ಒಂದೆರಡು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಕೆಲವು ತಳಿಗಳು ಲಕ್ಷಣವನ್ನೇ ತೋರದೆ ವೈರಸ್ ಇಟ್ಟುಕೊಂಡಿರುತ್ತವೆ. ಇತ್ತ ಹಿಮದ ಹೊಡೆತ, ಬಿಸಿಲಿನ ಸುಡು, ಎಲೆಯೊಳಗಿನ ಜಂತುಹುಳು ಇವು ಕೂಡ ಎಲೆಯ ಮೇಲೆ ಕಲೆ ಮಾಡುತ್ತವೆ. ಗೊಂದಲವಾದಾಗ ಪರೀಕ್ಷಾ ಪಟ್ಟಿ ಬಳಸಬಹುದು. ಎಲೆಯ ಚೂರನ್ನು ದ್ರಾವಣವಿರುವ ಪುಟ್ಟ ಚೀಲದಲ್ಲಿ ಹಾಕಿ ಉಜ್ಜಿ, ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿದರೆ ಕೆಲವೇ ನಿಮಿಷಗಳಲ್ಲಿ ಗೆರೆ ಮೂಡುತ್ತದೆ: ಒಂದೇ ಗೆರೆಯಾದರೆ ವೈರಸ್ ಸಿಕ್ಕಿಲ್ಲ, ಎರಡಾದರೆ ಇದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಬಳಸಿದ ಆಂಟಿಜೆನ್ ಕಿಟ್‌ನ ತತ್ವವೇ ಇದಕ್ಕೂ.

ಇದೆಲ್ಲ ಕೇಳಿದವರು ಮೊದಲು ಎತ್ತುವ ಆಕ್ಷೇಪ, ಗಿಡ ಸಾಯುವುದಿಲ್ಲವಲ್ಲ ಎಂಬುದು. ಹೌದು, ಸೋಂಕು ತಗುಲಿದ ಹೋಸ್ಟಾ ಎಷ್ಟೋ ವರ್ಷ ಬದುಕುತ್ತದೆ. ತಿನ್ನುವ ಬೆಳೆಯಲ್ಲ, ಇಳುವರಿಯ ನಷ್ಟವಿಲ್ಲ, ಮನುಷ್ಯರಿಗೆ, ಸಾಕುಪ್ರಾಣಿಗಳಿಗೆ ಈ ವೈರಸ್‌ನಿಂದ ತೊಂದರೆಯಿಲ್ಲ. ಹೀಗಿರುವಾಗ ಅಕ್ಕರೆಯಿಂದ ಬೆಳೆಸಿದ ಗಿಡವನ್ನು ಏಕೆ ಕೀಳಬೇಕು? ಬಹುಶಃ ತೀರಿಕೊಂಡ ತಾಯಿಯೋ ಊರು ಬಿಟ್ಟುಹೋದ ನೆರೆಯವರೋ ಕೊಟ್ಟ ಗಿಡ ಅದಾಗಿರಬಹುದು. ಆ ನೋವನ್ನು ಹಗುರವಾಗಿ ಕಾಣಬಾರದು. ಆದರೆ ಬೇಗ ಸಾಯದಿರುವುದೇ ಇಲ್ಲಿ ಅಪಾಯದ ಮೂಲ. ಸತ್ತ ಗಿಡದಿಂದ ರೋಗ ಬಹುಕಾಲ ಹರಡುವುದಿಲ್ಲ. ಬದುಕಿರುವ ಗಿಡ ಪ್ರತಿ ವರ್ಷವೂ ಹಿಳ್ಳೊಡೆಯುತ್ತದೆ, ಪ್ರತಿ ಬೇಸಿಗೆಯಲ್ಲೂ ಅದರ ದಂಟಿಗೆ ಕತ್ತರಿ ತಾಗುತ್ತದೆ. ಒಂದು ರೋಗದ ಬುಡವನ್ನು ಹತ್ತು ವರ್ಷ ಉಳಿಸಿಕೊಂಡರೆ ಪಾತಿಯ ಉಳಿದ ಗಿಡಗಳಿಗೆ ಹತ್ತು ವರ್ಷವೂ ಗಂಡಾಂತರ. ಅಷ್ಟು ವರ್ಷಗಳಲ್ಲಿ ಮನೆ ಕೈಬದಲಾಗಬಹುದು, ಗಿಡದ ರೋಗ ತಿಳಿಯದ ಹೊಸಬರು ಅದನ್ನು ಒಡೆದು ಹಂಚಬಹುದು. ನೆನಪು ಉಳಿಯಬೇಕೆಂದರೆ ಅದೇ ತಳಿಯ ಆರೋಗ್ಯವಂತ ಗಿಡ ತಂದು ಬೇರೆ ಜಾಗದಲ್ಲಿ ನೆಡಬಹುದು. ರೋಗದ ಬುಡವನ್ನು ಬೇರುಗಳ ಸಮೇತ ಅಗೆದು, ಚೀಲದಲ್ಲಿ ಕಟ್ಟಿ ಕಸಕ್ಕೆ ಕಳಿಸಬೇಕು. ಗೊಬ್ಬರದ ಗುಂಡಿಗೆ ಹಾಕಿದರೆ ಬೇರಿನ ತುಂಡು ಅಲ್ಲೇ ಚಿಗುರಬಹುದು. ನೆಲದಲ್ಲಿ ಉಳಿದ ಬೇರುಗಳು ಪೂರ್ತಿ ಸಾಯುವವರೆಗೆ ಆ ಜಾಗದಲ್ಲಿ ಬೇರೆ ಗಿಡ ಬೆಳೆಸಬಹುದು, ಹೋಸ್ಟಾ ಮಾತ್ರ ಬೇಡ.

ಎರಡನೆಯ ಆಕ್ಷೇಪ, ಇದು ಮಾರುವವರ ತಪ್ಪು, ಮನೆಯವರಿಗೇಕೆ ಹೊರೆ ಎಂಬುದು. ಇದರಲ್ಲಿ ನ್ಯಾಯವಿದೆ. ಮನೆಯ ಚಾಕು ಒಂದು ಪಾತಿಗೆ ಸೋಂಕು ತಂದರೆ, ಪರೀಕ್ಷಿಸದ ತಾಯಿಗಿಡಗಳಿಂದ ಮಾಡಿದ ಸರಕು ಊರೂರಿಗೆ ಸೋಂಕು ತರುತ್ತದೆ. ಮೊದಲ ಹೊಣೆ ಮಾರುವವರದೇ. ಆದರೆ ಆ ಹೊಣೆಯನ್ನು ಅವರು ಹೊರುವಂತೆ ಮಾಡಿದ್ದರಲ್ಲಿ ಕೊಳ್ಳುವವರ ಪಾಲು ದೊಡ್ಡದು. 1968ರಲ್ಲಿ ಹುಟ್ಟಿದ ಅಮೆರಿಕನ್ ಹೋಸ್ಟಾ ಸೊಸೈಟಿ ಹವ್ಯಾಸಿಗಳ ಸಂಘ. ಈ ವೈರಸ್ ಕುರಿತ ಸಂಶೋಧನೆಗೆ ಅದು ಹಣ ಒದಗಿಸಿತು, ಸದಸ್ಯರಿಗೆ ಲಕ್ಷಣಗಳನ್ನು ತಿಳಿಸಿಕೊಟ್ಟಿತು. ಲಕ್ಷಣ ಅರಿತ ಗ್ರಾಹಕರು ಅಂಗಡಿಗಳಲ್ಲಿ ಪ್ರಶ್ನೆ ಕೇಳತೊಡಗಿದ ಮೇಲೆ ಒಳ್ಳೆಯ ನರ್ಸರಿಗಳು ತಾಯಿಗಿಡಗಳನ್ನು ಪರೀಕ್ಷಿಸತೊಡಗಿದವು, ನೆದರ್‌ಲೆಂಡ್ಸ್‌ನ ಪೂರೈಕೆದಾರರೂ ಎಚ್ಚೆತ್ತರು. ಕೊಳ್ಳುವವರು ತಿಳಿದಿದ್ದರೆ ಮಾರುವವರು ಬದಲಾಗುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ಅಗ್ಗದ ಬೆಲೆಗೆ ಸಿಗುವ ಎಲೆಯಿಲ್ಲದ ಬರಿಬೇರಿನ ಗಿಡದಲ್ಲಿ ಲಕ್ಷಣ ನೋಡಲು ಏನೂ ಇರುವುದಿಲ್ಲ. ಅಂಥ ಗಿಡವನ್ನು ಕೊಂಡರೆ ಒಂದೆರಡು ಋತು ಕುಂಡದಲ್ಲಿ ಬೇರೆಯಾಗಿಟ್ಟು ನೋಡಿಕೊಂಡು ಆಮೇಲೆ ಪಾತಿಗೆ ಇಳಿಸುವುದು ಕ್ಷೇಮ.

ಮೂರನೆಯದು, ಪ್ರತಿ ಸಲ ಚಾಕು ತೊಳೆಯುತ್ತ ಕೂತರೆ ತೋಟದ ಕೆಲಸ ಮುಗಿಯುವುದೆಂದು ಎಂಬ ಮಾತು. ಇಲ್ಲಿ ಕೇಳುತ್ತಿರುವುದು ಒಂದೊಂದು ಕಡಿತಕ್ಕೂ ತೊಳೆಯಿರಿ ಎಂದಲ್ಲ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ತೊಳೆಯಿರಿ ಎಂದು. ಎರಡು ಚಾಕು ಇಟ್ಟುಕೊಂಡರೆ ಒಂದು ಕೆಲಸದಲ್ಲಿರುವಾಗ ಇನ್ನೊಂದು ದ್ರಾವಣದಲ್ಲಿ ನೆನೆಯುತ್ತಿರುತ್ತದೆ. ಒಂದು ಭಾಗ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿದರೆ ದ್ರಾವಣ ತಯಾರು. ಅದ್ದುವ ಮೊದಲು ಅಲಗಿಗೆ ಅಂಟಿದ ಮಣ್ಣು, ರಸ ಉಜ್ಜಿ ತೆಗೆಯಬೇಕು, ಏಕೆಂದರೆ ಕೊಳೆ ಬ್ಲೀಚಿನ ಶಕ್ತಿಯನ್ನು ಕುಂದಿಸುತ್ತದೆ. ಕೆಲಸ ಮುಗಿದ ಮೇಲೆ ಚಾಕುವನ್ನು ನೀರಿನಲ್ಲಿ ತೊಳೆದು ಒರೆಸಿದರೆ ತುಕ್ಕು ಹಿಡಿಯುವುದಿಲ್ಲ. ಕೈ ತೊಳೆಯಲು ಸೋಪು ನೀರು ಬಳಸಬೇಕು. ಸ್ಯಾನಿಟೈಸರ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಆಲ್ಕೋಹಾಲ್ ಚೆನ್ನಾಗಿ ಕೆಲಸ ಮಾಡುವುದು ಕೊಬ್ಬಿನ ಪೊರೆಯಿರುವ ವೈರಸ್‌ಗಳ ಮೇಲೆ. ಹೋಸ್ಟಾ ವೈರಸ್‌ಗೆ ಆ ಪೊರೆಯೇ ಇಲ್ಲ, ಹಾಗಾಗಿ ಅದನ್ನು ನೆಚ್ಚುವಂತಿಲ್ಲ. ಕೆಲಸದ ಕ್ರಮವೂ ಮುಖ್ಯ: ಆರೋಗ್ಯವಾಗಿರುವ ಗಿಡಗಳಿಂದ ಆರಂಭಿಸಿ ಅನುಮಾನದ ಗಿಡವನ್ನು ಕೊನೆಗೆ ಮುಟ್ಟಬೇಕು.

ಕೊನೆಯ ಆಕ್ಷೇಪ ತೂಕದ್ದು. ಹೋಸ್ಟಾಗೆ ಬರುವುದು ಇದೊಂದೇ ವೈರಸ್ ಅಲ್ಲ. ಟೊಬ್ಯಾಕೊ ರ‍್ಯಾಟಲ್ ವೈರಸ್ ಮಣ್ಣಿನ ಜಂತುಹುಳುಗಳಿಂದ ಬರುತ್ತದೆ, ಇಂಪೇಷನ್ಸ್ ನೆಕ್ರೋಟಿಕ್ ಸ್ಪಾಟ್ ವೈರಸ್ ಥ್ರಿಪ್ಸ್ ನುಸಿಯಿಂದ ಬರುತ್ತದೆ. ಅವು ಬೇರೆ ಜಾತಿಯ ಗಿಡಗಳಲ್ಲೂ ಬದುಕುತ್ತವೆ. ಅಲ್ಲಿ ಕೈ ಶುದ್ಧವಿಟ್ಟುಕೊಂಡರಷ್ಟೇ ಸಾಲದು ಎಂಬುದನ್ನು ಒಪ್ಪಲೇಬೇಕು. ಆದರೆ ಹೋಸ್ಟಾ ತೋಟಗಳನ್ನು ಕಳೆದ ಮೂರು ದಶಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೀಟದ ನೆರವಿಲ್ಲದ ಈ ಎಕ್ಸ್ ವೈರಸ್. ಎಲ್ಲ ರೋಗಗಳನ್ನೂ ತಡೆಯಲಾಗದು ಎಂಬ ಕಾರಣಕ್ಕೆ ತಡೆಯಬಹುದಾದದ್ದನ್ನು ಕೈಬಿಡುವುದು ತರವಲ್ಲ. ಅದೂ ಅಲ್ಲದೆ ಹೊಸ ಗಿಡವನ್ನು ಬೇರೆಯಾಗಿಟ್ಟು ನೋಡುವುದು, ಲಕ್ಷಣ ಕಂಡಾಗ ಪರೀಕ್ಷಿಸುವುದು, ರೋಗದ ಗಿಡವನ್ನು ಹಂಚದಿರುವುದು ಇವು ಉಳಿದ ವೈರಸ್‌ಗಳ ವಿರುದ್ಧವೂ ಕೆಲಸಕ್ಕೆ ಬರುವ ಅಭ್ಯಾಸಗಳೇ.

ಚಳಿನಿದ್ದೆ ಬೇಡುವ ಹೋಸ್ಟಾ ಕರ್ನಾಟಕದ ಬಯಲಿಗೆ ಒಗ್ಗುವ ಗಿಡವಲ್ಲ. ಆದರೆ ಬೆಂಗಳೂರಿನ ಬಾಲ್ಕನಿಗಳಲ್ಲಿ, ಮಲೆನಾಡಿನ ಮನೆಗಳಲ್ಲಿ ಬೆಳೆಸುವ ಆರ್ಕಿಡ್‌ಗಳಿಗೆ ತಗುಲುವ ಸಿಂಬಿಡಿಯಂ ಮೊಸಾಯಿಕ್ ವೈರಸ್ ಇದೇ ಪೊಟೆಕ್ಸ್ ಕುಲದ್ದು. ಜಗತ್ತಿನ ಆರ್ಕಿಡ್ ಸಂಗ್ರಹಗಳಲ್ಲಿ ಅದು ಹರಡುವುದೂ ಕುಂಡ ಬದಲಿಸುವಾಗ, ಗಿಡ ಒಡೆಯುವಾಗ, ಹೂಗೊಂಚಲು ಕತ್ತರಿಸುವಾಗ ಬಳಸಿದ ಚಾಕು, ಕತ್ತರಿಗಳಿಂದ. ಮಿನ್ನೆಸೋಟದ ಹೋಸ್ಟಾ ಪಾತಿಗೆ ಹೇಳಿದ ಮಾತು ಇಲ್ಲಿನ ಆರ್ಕಿಡ್ ಕುಂಡಕ್ಕೂ ಸಲ್ಲುತ್ತದೆ. ಗಿಡ ಹಂಚುವುದು ತೋಟಗಾರಿಕೆಯ ಒಳ್ಳೆಯ ಗುಣ, ಅದನ್ನು ನಿಲ್ಲಿಸಬೇಕೆಂದು ಯಾರೂ ಹೇಳುತ್ತಿಲ್ಲ. ಹಂಚುವವರು ತಾವು ಕೊಡುತ್ತಿರುವ ಗಿಡ ಆರೋಗ್ಯವಾಗಿದೆಯೇ ಎಂದು ನೋಡಿ ಕೊಡಲಿ, ತೆಗೆದುಕೊಳ್ಳುವವರು ಸಂಕೋಚ ಬಿಟ್ಟು ಕೇಳಿ ತೆಗೆದುಕೊಳ್ಳಲಿ, ಅನುಮಾನವಿದ್ದರೆ ಬೇಡ ಎನ್ನುವುದನ್ನು ಅವಮಾನವೆಂದು ಇಬ್ಬರೂ ಭಾವಿಸದಿರಲಿ. ಹಾರಿ ಬರುವ ಕೀಟವನ್ನು ತಡೆಯುವುದು ಕಷ್ಟ. ತನ್ನ ಚಾಕು ತೊಳೆದುಕೊಳ್ಳುವುದು, ರೋಗದ ಬುಡವನ್ನು ಇನ್ನೊಬ್ಬರಿಗೆ ಕೊಡದಿರುವುದು ಯಾವ ತೋಟಗಾರನಿಗೂ ಅಸಾಧ್ಯದ ಕೆಲಸವಲ್ಲ. ಈ ಒಂದು ರೋಗದ ಮಟ್ಟಿಗೆ ಅಷ್ಟು ಮಾಡಿದರೆ ಬಹುಪಾಲು ಗೆದ್ದಂತೆಯೇ.